ಒಂದೇ ಚಿತ್ರ, ಎರಡು ಕ್ಯಾನು

ಒಮಾನಿನ ಸೋಹಾರ್‌ನಲ್ಲಿ ನಾವಿದ್ದದ್ದು ಹನ್ನೊಂದು ತಿಂಗಳು. ಕೆಮಿಕಲ್ ಇಂಜಿನಿಯರಿಂಗ್ ಮುಗಿದ ಕೂಡಲೇ, ಇಲ್ಲಿ ಸ್ನಾತಕೋತ್ತರಕ್ಕೆ ಸೇರುವ ಮುಂಚೆ, ಒಂದೇ ಕ್ಲಾಸಿನ ನಾವಿಬ್ಬರು ಅಲ್ಲಿನ ಒಂದು ರಾಸಾಯನಿಕ ಗೋದಾಮಿಗೆ ಟ್ರೈನಿಗಳಾಗಿ ಹೋಗಿದ್ದೆವು. ಲೇಖನದ ಕೆಳಗೆ ಒಬ್ಬರ ಹೆಸರಿದ್ದರೂ ಮಾತು ಇಬ್ಬರದು. ಅದಕ್ಕೇ ಇಲ್ಲಿ 'ನಾವು'. ಗೋದಾಮಿನ ಹೆಸರು ಬೇಡ. ಅಲ್ಲಿ ಆದದ್ದರಲ್ಲಿ ನಮ್ಮ ಪಾಲೂ ಇದೆ. ಹೆಸರು ಹಾಕಿಬಿಟ್ಟರೆ ಎಲ್ಲ ತಪ್ಪೂ ಅವರ ತಲೆಗೆ ಹೋಗಿ ನಾವು ಸಲೀಸಾಗಿ ಪಾರಾಗಿಬಿಡುತ್ತೇವೆ.

ಸೋಹಾರ್ ಅಂದರೆ ಕಥೆಗಳಲ್ಲಿ ಸಿಂದಬಾದನ ಊರು. ಈಗಿನ ಸೋಹಾರ್ ಅಂದರೆ ಬಂದರು. 2004ರಲ್ಲಿ ಕೆಲಸ ಶುರು ಮಾಡಿದ ಈ ಬಂದರಿಗೆ 2014ರಲ್ಲಿ ಮಸ್ಕತ್ತಿನ ಹಳೆಯ ಬಂದರಿನ ವಾಣಿಜ್ಯ ಸರಕೆಲ್ಲ ವರ್ಗವಾಯಿತು. ಸುತ್ತಮುತ್ತ ತೈಲ ಶುದ್ಧೀಕರಣ, ಅಲ್ಯೂಮಿನಿಯಂ, ಉಕ್ಕು, ಮೆಥನಾಲ್. ಅಲ್ಲಿಂದ ಮಸ್ಕತ್ತಿಗೆ ಸುಮಾರು 200 ಕಿ.ಮೀ. ಆ ದಾರಿಯಲ್ಲಿ ಹೋಗುವ ಹತ್ತು ಲಾರಿಗಳಲ್ಲಿ ಒಂದೆರಡಾದರೂ ಬೆನ್ನ ಮೇಲೆ ವಜ್ರಾಕಾರದ ಗುರುತು ಹೊತ್ತಿರುತ್ತವೆ. ಶುಕ್ರವಾರ ರುವಿಗೆ ಊಟಕ್ಕೆ ಹೋಗುವಾಗ ನಮ್ಮದೊಂದು ಆಟ ಇತ್ತು. ಮುಂದಿರುವ ಟ್ಯಾಂಕರಿನ ನಾಲ್ಕಂಕಿ ಸಂಖ್ಯೆ ಓದಿ ಒಳಗೆ ಏನಿದೆ ಅಂತ ಮೊದಲು ಹೇಳಿದವನು ಗೆದ್ದ. ಸೋತವನದು ಕರಕ್ ಚಹಾ. 1203 ಅಂದರೆ ಪೆಟ್ರೋಲು, 1202 ಡೀಸೆಲ್ಲು, 1075 ಅಡುಗೆ ಅನಿಲ, 1830 ಗಂಧಕಾಮ್ಲ, 1073 ದ್ರವ ಆಮ್ಲಜನಕ. ಒಂದು ತಿಂಗಳಲ್ಲಿ ಇಬ್ಬರೂ ಎಷ್ಟು ಪಳಗಿದೆವೆಂದರೆ ಚಹಾದ ಲೆಕ್ಕ ಸಮವಾಗಿ ಆಟವೇ ಸಪ್ಪೆಯಾಯಿತು.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಅಪಾಯಕಾರಿ ಸರಕನ್ನು ಸಾಗಿಸುವ ಬಗ್ಗೆ ಜಗತ್ತಿಗೆಲ್ಲ ಒಂದೇ ಪದ್ಧತಿ ಇರಲಿ ಎಂದು ವಿಶ್ವಸಂಸ್ಥೆ 1953ರಲ್ಲಿ ಒಂದು ತಜ್ಞರ ಸಮಿತಿ ಮಾಡಿತು. 1956ರಲ್ಲಿ ಅದರ ಮೊದಲ ಶಿಫಾರಸುಗಳು ಬಂದವು. ಕಿತ್ತಳೆ ಬಣ್ಣದ ಹೊದಿಕೆಯಿಂದಾಗಿ ಆ ಪುಸ್ತಕವನ್ನು ಇವತ್ತಿಗೂ 'ಆರೆಂಜ್ ಬುಕ್' ಎಂದೇ ಕರೆಯುತ್ತಾರೆ. ಅದರ ಪ್ರಕಾರ ಅಪಾಯಕಾರಿ ಸರಕಿಗೆ ಒಂಬತ್ತು ವರ್ಗ. ಸಿಡಿಯುವುದು ಒಂದು, ಅನಿಲ ಎರಡು, ಬೆಂಕಿ ಹತ್ತುವ ದ್ರವ ಮೂರು. ಹೀಗೆ ಹೋಗಿ ವಿಷ ಆರು, ವಿಕಿರಣ ಏಳು, ಮೈಯನ್ನೂ ಲೋಹವನ್ನೂ ತಿನ್ನುವಂಥದ್ದು ಎಂಟು, ಎಲ್ಲಿಗೂ ಸೇರದ್ದು ಒಂಬತ್ತು. ಪ್ರತಿ ವರ್ಗಕ್ಕೂ ಬಣ್ಣ, ಚಿತ್ರ ಬೇರೆ. ಅದರ ಜೊತೆ ಪ್ರತಿ ವಸ್ತುವಿಗೂ ನಾಲ್ಕಂಕಿಯ ಒಂದು ಸಂಖ್ಯೆ. ಚಿತ್ರ ಅಂದರೆ ಮನೆತನ, ಸಂಖ್ಯೆ ಅಂದರೆ ಸ್ವಂತ ಹೆಸರು ಅಂತ ಇಟ್ಟುಕೊಳ್ಳಿ. ಈ ಹೋಲಿಕೆ ನಮಗೆ ಹೊಳೆದದ್ದು ತಡವಾಗಿ. ಯಾಕೆ ತಡ ಅಂತ ಮುಂದೆ ಬರುತ್ತದೆ.

ಇದೆಲ್ಲ ಟ್ಯಾಂಕರಿನವರ ತಲೆನೋವು, ನಮಗೇನು ಅಂತ ಓದುಗರು ಪುಟ ತಿರುಗಿಸಬೇಡಿ. ಗಲ್ಫಿನಿಂದ ಬರುವ ನಮ್ಮ ಮಾವಂದಿರು, ಅಣ್ಣಂದಿರು ಪೆಟ್ಟಿಗೆಯಲ್ಲಿ ತರುವ ಸೆಂಟಿನ ಬಾಟಲಿ ಇದೆಯಲ್ಲ, ಅದು ಮೂರನೇ ವರ್ಗ, ಸಂಖ್ಯೆ 1266. ಕೈಚೀಲದ ಪವರ್‌ಬ್ಯಾಂಕು ಒಂಬತ್ತನೇ ವರ್ಗ. ವಿಮಾನದಲ್ಲಿ ಅದನ್ನು ಚೆಕ್-ಇನ್ ಪೆಟ್ಟಿಗೆಗೆ ಹಾಕಬೇಡಿ ಅನ್ನುವುದು ಯಾರದೋ ಕಿರಿಕಿರಿ ಅಲ್ಲ. ಸರಕಿನ ಕೋಣೆಯಲ್ಲಿ ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ನೋಡುವವರು ಯಾರೂ ಇರುವುದಿಲ್ಲ, ಕ್ಯಾಬಿನ್ನಿನಲ್ಲಾದರೆ ಇರುತ್ತಾರೆ. ಕಾರಣ ಅಷ್ಟೇ.

ಒಮಾನಿನಲ್ಲಿ ಕಾನೂನು ಇಲ್ಲವೆಂದಲ್ಲ. ರಾಸಾಯನಿಕಗಳ ನಿರ್ವಹಣೆ ಮತ್ತು ಬಳಕೆಯ ಬಗ್ಗೆ ಅಲ್ಲಿ 1995ರಲ್ಲೇ ರಾಜಾಜ್ಞೆ ಹೊರಟಿದೆ. ತೈಲ ಕಂಪನಿಗಳ ಗುತ್ತಿಗೆ ಗಾಡಿಗಳು ಓಡುವ ಶಿಸ್ತನ್ನು ನೋಡಿದರೆ ನಮ್ಮ ಹೆದ್ದಾರಿಯಲ್ಲಿ ಬೆಳೆದವರಿಗೆ ನಾಚಿಕೆಯೇ ಆಗುತ್ತದೆ. ವೇಗ ದಾಖಲಿಸುವ ಯಂತ್ರ, ಚಾಲಕನಿಗೆ ಕಡ್ಡಾಯ ವಿಶ್ರಾಂತಿ, ಹೊರಡುವ ಮುಂಚೆ ತಪಾಸಣೆ. ನಾವು ಮಾತಾಡಿಸಿದ ಇಂಧನ ಟ್ಯಾಂಕರಿನ ಚಾಲಕರೆಲ್ಲ ಒಮಾನಿಗಳೇ. ಅರಬ್ಬಿಯಲ್ಲಿ ಬರೆದದ್ದು ಅವರಿಗೆ ಗೊತ್ತು, ತಮ್ಮ ಗಾಡಿಯ ಗುಣವೂ ಗೊತ್ತು. ತೊಡಕು ಇರುವುದು ಅವರ ಹತ್ತಿರ ಅಲ್ಲ. ದೊಡ್ಡ ಟ್ಯಾಂಕರ್ ಬಿಟ್ಟು ಕೆಳಗಿಳಿದರೆ ಬರುವ ಸಣ್ಣ ಗೋದಾಮು, ಸಣ್ಣ ಪಿಕಪ್ಪು, ಕ್ಯಾನು, ಡ್ರಮ್ಮು, ಚೀಲ. ಅಲ್ಲಿ ಎತ್ತುವವರು, ಇಳಿಸುವವರು, ಜೋಡಿಸುವವರು ನಮ್ಮವರು.

ನಮ್ಮ ಗೋದಾಮಿನಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದವರು ಕುಂದಾಪುರದ ಕಡೆಯವರು. ಇಪ್ಪತ್ತು ವರ್ಷದಿಂದ ಒಮಾನಿನಲ್ಲಿದ್ದವರು, ನಾವು ಅವರನ್ನು ಅಣ್ಣ ಎನ್ನುತ್ತಿದ್ದೆವು. ಲೋಡಿಂಗಿಗೆ ಇದ್ದ ಆರು ಜನರಲ್ಲಿ ಇಬ್ಬರು ಕೇರಳ, ಇಬ್ಬರು ಬಾಂಗ್ಲಾ, ಒಬ್ಬ ಬಿಹಾರ, ಒಬ್ಬ ಸಿಂಧನೂರು. ಸಿಂಧನೂರಿನ ಹುಡುಗನಿಗೆ ಆಗ ಇಪ್ಪತ್ತು ವರ್ಷ. ಒಂಬತ್ತನೇ ಇಯತ್ತೆಗೆ ಶಾಲೆ ಬಿಟ್ಟವನು. ಕನ್ನಡ ಚೆನ್ನಾಗಿ ಓದುತ್ತಿದ್ದ, ಊರಿಂದ ತಂದಿದ್ದ ಹಳೆಯ ವಾರಪತ್ರಿಕೆಯ ಪುಟ ಹರಿಯುವವರೆಗೂ ಓದಿದ್ದ. ಹಿಂದಿ ಕೇಳಿದರೆ ಅರ್ಧ ತಿಳಿಯುತ್ತಿತ್ತು. ಇಂಗ್ಲಿಷು ಅಂಗಡಿ ಬೋರ್ಡಿನಷ್ಟು.

ಬೆಳಿಗ್ಗೆ ಕೆಲಸ ಶುರುವಾಗುವ ಮುಂಚೆ ಹತ್ತು ನಿಮಿಷದ ಸುರಕ್ಷತಾ ಮಾತು ಇರುತ್ತಿತ್ತು. ಹೇಳುವುದು ಇಂಗ್ಲಿಷಿನಲ್ಲಿ, ನಡುವೆ ಹಿಂದಿ. ಹುಡುಗ ಎಲ್ಲದಕ್ಕೂ 'ಹಾಂ ಜೀ' ಎನ್ನುತ್ತಿದ್ದ. ಆಮೇಲೆ ಒಂದು ಹಾಳೆಗೆ ಸಹಿ. 'ಮೇಲ್ಕಂಡ ವಿಷಯ ನನಗೆ ಅರ್ಥವಾಗಿದೆ' ಅಂತ ಅದರ ಮೇಲೆ ಇಂಗ್ಲಿಷಿನಲ್ಲಿ ಇತ್ತು. ಆ ವಾಕ್ಯ ಅವನಿಗೆ ಅರ್ಥವಾಗಿರಲಿಲ್ಲ. ಸಹಿ ಮಾತ್ರ ಮುತ್ತು ಪೋಣಿಸಿದ ಹಾಗೆ.

ನಮಗೆ ಆಗ ಉತ್ಸಾಹ ಜಾಸ್ತಿ. ಇವನಿಗಾಗಿ ಕನ್ನಡದಲ್ಲಿ ಒಂದು ಚಾರ್ಟು ಮಾಡೋಣ ಅಂತ ಕೂತೆವು. ಒಂಬತ್ತು ವರ್ಗ, ಒಂಬತ್ತು ಚಿತ್ರ, ಪಕ್ಕದಲ್ಲಿ ಕನ್ನಡ ಪದ. ಪದಗಳನ್ನು ಎಲ್ಲಿಂದ ತರುವುದು? ಪಠ್ಯಪುಸ್ತಕದಿಂದ. ಮೂರನೇ ವರ್ಗಕ್ಕೆ 'ದಹನಶೀಲ' ಅಂತ ಬರೆದೆವು. ಹುಡುಗ ಓದಿ ನಮ್ಮ ಮುಖ ನೋಡಿದ. "ಇದೇನ್ರೀ ಸರ, ಇದರಾಗ ಶೀಲದ ಮಾತು ಯಾಕ ಬಂತು?" ಕುಂದಾಪುರದ ಅಣ್ಣ ಬಿದ್ದು ಬಿದ್ದು ನಕ್ಕರು. ಎಂಟನೇ ವರ್ಗಕ್ಕೆ ಬರೆದಿದ್ದ 'ಸಂಕ್ಷಾರಕ' ಅಣ್ಣನಿಗೂ ತಿಳಿಯಲಿಲ್ಲ, ನಿಜ ಹೇಳಬೇಕೆಂದರೆ ನಮಗೂ ನಾಲಿಗೆ ಹೊರಳಲಿಲ್ಲ. ಅದರಲ್ಲಿರುವ ಚಿತ್ರ ತೋರಿಸಿದೆವು. ಒಂದು ಕೈ, ಒಂದು ಲೋಹದ ಪಟ್ಟಿ, ಎರಡರ ಮೇಲೂ ಹನಿ ಬಿದ್ದು ಹೊಗೆ. "ಓ, ಇದು ತಿನ್ನೋದು ಅನ್ರಿ. ಕಬ್ಬಿಣಾನೂ ತಿಂತದ, ಕೈನೂ ತಿಂತದ," ಅಂದ. ನಾವು 'ಸಂಕ್ಷಾರಕ' ಹೊಡೆದು 'ತಿನ್ನುವಂಥದ್ದು' ಅಂತ ಬರೆದೆವು. ಮೂರನೆಯದಕ್ಕೆ 'ಬೆಂಕಿ ಹತ್ತುವಂಥದ್ದು'. ಐದನೆಯದು ಕಷ್ಟವಾಯಿತು, ಉತ್ಕರ್ಷಣಕಾರಿ ಅಂದರೆ ಯಾರಿಗೆ ತಿಳೀಬೇಕು? ತಾನು ಉರಿಯದಿದ್ದರೂ ಪಕ್ಕದ್ದನ್ನು ಉರಿಸುವ ಗುಣ ಅದು. 'ಬೆಂಕಿಗೆ ಎಣ್ಣೆ ಹೊಯ್ಯುವಂಥದ್ದು' ಅಂತ ಅಣ್ಣ ಸೂಚಿಸಿದರು. ಇಂಥ ಪದ ನಿಘಂಟಿನಲ್ಲಿ ಸಿಕ್ಕೀತೇ?

ಚಾರ್ಟು ಗೋದಾಮಿನ ಬಾಗಿಲ ಪಕ್ಕ ಅಂಟಿಸಿದೆವು. ಹುಡುಗ ಎರಡೇ ದಿನದಲ್ಲಿ ಬಾಯಿಪಾಠ ಮಾಡಿದ. ನಾವು ಅದರ ಫೋಟೋ ತೆಗೆದು ಕ್ಲಾಸಿನ ವಾಟ್ಸಾಪ್ ಗುಂಪಿಗೆ ಹಾಕಿ ಹೊಗಳಿಸಿಕೊಂಡೆವು.

ಒಮಾನಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12.30ರಿಂದ 3.30ರವರೆಗೆ ಬಯಲಿನಲ್ಲಿ ಕೆಲಸ ಮಾಡಿಸುವ ಹಾಗಿಲ್ಲ. ಒಳ್ಳೆಯ ನಿಯಮ. ಆದರೆ ಅದರ ಬಾಲದಲ್ಲಿ ಇನ್ನೊಂದು ಬರುತ್ತದೆ: ಹನ್ನೆರಡೂವರೆ ಒಳಗೆ ಗಾಡಿ ಹೊರಡಲೇಬೇಕು ಅನ್ನುವ ಅವಸರ. ಜೂನ್ ಕೊನೆಯ ಒಂದು ದಿನ, ಈಜುಕೊಳಗಳನ್ನು ನಿರ್ವಹಿಸುವ ಒಬ್ಬ ಗಿರಾಕಿಗೆ ಒಂದು ಪಿಕಪ್ ಸರಕು ಹೋಗಬೇಕಿತ್ತು. ಸೋಡಿಯಂ ಹೈಪೋಕ್ಲೋರೈಟಿನ ಕ್ಯಾನುಗಳು, ಹೈಡ್ರೋಕ್ಲೋರಿಕ್ ಆಮ್ಲದ ಕ್ಯಾನುಗಳು. ಈಜುಕೊಳಕ್ಕೆ ಎರಡೂ ಬೇಕು. ಮೊದಲನೆಯದು ಕ್ರಿಮಿ ಕೊಲ್ಲಲು, ಎರಡನೆಯದು ನೀರಿನ ಕ್ಷಾರತೆ ಇಳಿಸಲು. ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆಯಾಗಿ. ಎರಡೂ ನೇರವಾಗಿ ಒಂದಕ್ಕೊಂದು ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ.

ಹುಡುಗ ಎರಡನ್ನೂ ಒತ್ತೊತ್ತಾಗಿ ಜೋಡಿಸಿ, ಹಗ್ಗ ಬಿಗಿದು, ತಾನೂ ಚಾಲಕನ ಪಕ್ಕ ಹತ್ತಿದ. ಚಾಲಕ ಪೇಶಾವರ ಕಡೆಯ ವಯಸ್ಸಾದ ಮನುಷ್ಯ. ಮೂರನೇ ವೃತ್ತದಲ್ಲಿ ತಿರುಗುವಾಗ ಹಿಂದೆ ಏನೋ ಉರುಳಿದ ಸದ್ದು. ಗಾಡಿ ನಿಲ್ಲಿಸಿದರು. ಆಮ್ಲದ ಒಂದು ಕ್ಯಾನಿನ ಮುಚ್ಚಳ ಸಡಿಲವಿತ್ತು, ಅದು ಒಡೆದ ಹೈಪೋ ಕ್ಯಾನಿನ ಮೇಲೆ ಸುರಿಯುತ್ತಿತ್ತು. ಏನಾಗಿದೆ ನೋಡೋಣ ಅಂತ ಹುಡುಗ ಹಿಂದೆ ಹೋಗಿ ಬಗ್ಗಿದ. ಹಳದಿ-ಹಸಿರು ಹೊಗೆ. ಚಾಲಕನಿಗೆ ರಸಾಯನಶಾಸ್ತ್ರ ಗೊತ್ತಿರಲಿಲ್ಲ, ಆದರೆ ಗಾಳಿ ಗೊತ್ತಿತ್ತು. ಹುಡುಗನ ಕೊರಳಪಟ್ಟಿ ಹಿಡಿದು ಗಾಳಿ ಬೀಸುವ ಕಡೆಗೆ, ಅಂದರೆ ಗಾಳಿಗೆ ಮುಖ ಕೊಟ್ಟು ಎಳೆದುಕೊಂಡು ಓಡಿದ. 9999ಕ್ಕೆ ಕರೆ ಮಾಡಿದ. ನಾಗರಿಕ ರಕ್ಷಣೆಯವರು ಬೇಗ ಬಂದರು.

ಹುಡುಗ ಎರಡು ರಾತ್ರಿ ಆಸ್ಪತ್ರೆಯಲ್ಲಿದ್ದ. ಕೆಮ್ಮು ತಿಂಗಳಾದರೂ ಹೋಗಲಿಲ್ಲ. ನೋಡಲು ಹೋದಾಗ ನಾವು ಕೇಳಿದ ಮೊದಲ ಪ್ರಶ್ನೆ ಕೇಳಬಾರದ್ದೇ: "ಎರಡನ್ನೂ ಒಟ್ಟಿಗೆ ಯಾಕಿಟ್ಟೆ?" ಅವನು ಆಮ್ಲಜನಕದ ಮುಖವಾಡ ಸರಿಸಿ, ಉಸಿರು ತೆಗೆದುಕೊಂಡು ಹೇಳಿದ. "ಚಾರ್ಟ್ ನೋಡೇ ಇಟ್ಟೀನ್ರೀ ಸರ. ಎರಡಕ್ಕೂ ಅದೇ ಚಿತ್ರ ಇತ್ತಲ್ಲ, ತಿನ್ನೋದು. ಒಂದೇ ಕುಲದವು, ಜೋಡಿ ಇಟ್ರ ಏನಾಗ್ತದ ಅನ್ಕೊಂಡೆ."

ಅವನು ಹೇಳಿದ್ದು ಸರಿ. ಹೈಪೋಕ್ಲೋರೈಟು ಎಂಟನೇ ವರ್ಗ, ಸಂಖ್ಯೆ 1791. ಹೈಡ್ರೋಕ್ಲೋರಿಕ್ ಆಮ್ಲವೂ ಎಂಟನೇ ವರ್ಗ, ಸಂಖ್ಯೆ 1789. ಚಿತ್ರ ಒಂದೇ, ಸಂಖ್ಯೆ ಬೇರೆ. ಹಡಗಿನ ಸರಕಿನ ನಿಯಮಗಳಲ್ಲಂತೂ ಹೈಪೋಕ್ಲೋರೈಟುಗಳನ್ನು ಆಮ್ಲಗಳಿಂದ ದೂರ ಇಡಬೇಕೆಂದು ಸ್ಪಷ್ಟವಾಗಿದೆ. ಬಸ್ಸಿನಲ್ಲಿ ಕೂತು ಚಹಾದ ಪಣಕ್ಕೆ ಸಂಖ್ಯೆ ಓದುತ್ತಿದ್ದವರು ನಾವು. ಅವನ ಚಾರ್ಟಿಗೆ ಮಾತ್ರ ಸಂಖ್ಯೆ ಹಾಕಲಿಲ್ಲ. ಇಷ್ಟು ಓದದ ಹುಡುಗನಿಗೆ ಸಂಖ್ಯೆಗಳು ಕಷ್ಟ, ಚಿತ್ರ ಸಾಕು ಅಂದುಕೊಂಡಿದ್ದೆವು. ಊರಿನಲ್ಲಿರುವ ಅಪ್ಪ, ಅಕ್ಕ, ಭತ್ತದ ಮಿಲ್ಲಿನ ಮಾಲೀಕ, ಎಲ್ಲರ ಹತ್ತಂಕಿಯ ಫೋನ್ ನಂಬರು ಅವನ ಬಾಯಲ್ಲೇ ಇತ್ತು!

ಗೋದಾಮಿನವರು ಅವನ ಮೂರು ದಿನದ ಸಂಬಳ ಹಿಡಿದರು. ಕಾರಣ, ತಪ್ಪು ಲೋಡಿಂಗ್. ಸಾಕ್ಷಿಗೆ ಅವನ ಸಹಿ ಇದ್ದ ಹಾಳೆ. ತಪ್ಪು ಚಾರ್ಟಿನದು, ನಮ್ಮದು ಎಂದು ನಾವು ಹೇಳಬಹುದಿತ್ತು. ಹೇಳಲಿಲ್ಲ. ಟ್ರೈನಿಗಳು, ಅನುಭವದ ಸರ್ಟಿಫಿಕೇಟು ಬರಬೇಕಿತ್ತು. ಅಣ್ಣನೊಬ್ಬರೇ ಒಳಗೆ ಹೋಗಿ ಮಾತಾಡಿ ಬಂದರು, ಉಪಯೋಗವಾಗಲಿಲ್ಲ. ಹೊರಗೆ ಬಂದು ನಮಗೆ ಒಂದೇ ಮಾತು ಹೇಳಿದರು: "ನೀವು ಕಲ್ತವ್ರು ಮಾರಾಯ್ರೆ, ನಿಮ್ಗೆ ಗೊತ್ತಿದ್ದದ್ದನ್ನ ಪೂರ್ತಿ ಹೇಳ್ಕಿತ್ತ್."

ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವುದೂ ಅಷ್ಟೇ. ಗುರುತು ಅಂಟಿಸಿದರೆ ನಿಯಮ ಪಾಲಿಸಿದ ಹಾಗಾಗುತ್ತದೆ, ಸುರಕ್ಷತೆ ಬಂದ ಹಾಗಾಗುವುದಿಲ್ಲ. ಆ ಗುರುತಿನ ಪಕ್ಕದಲ್ಲಿ ನಿಂತವನಿಗೆ ಅದು ಪೂರ್ತಿ ತಿಳಿದಿರಬೇಕು, ಅವನ ಭಾಷೆಯಲ್ಲಿ ತಿಳಿದಿರಬೇಕು. ಅರ್ಧ ತಿಳಿಸುವುದು ಏನೂ ತಿಳಿಸದಿರುವುದಕ್ಕಿಂತ ಕೆಟ್ಟದ್ದು. ಏನೂ ಗೊತ್ತಿಲ್ಲದಿದ್ದರೆ ಆ ಹುಡುಗ ಹೆದರಿ ಅಣ್ಣನನ್ನು ಕೇಳುತ್ತಿದ್ದ. ನಮ್ಮ ಚಾರ್ಟು ಅವನ ಹೆದರಿಕೆ ಕಳೆಯಿತು.

ಇಲ್ಲಿ ವಿಭಾಗದಲ್ಲಿ ಇದನ್ನು ಹೇಳಿದಾಗ ಒಬ್ಬ ಮೇಷ್ಟ್ರು ಒಪ್ಪಲಿಲ್ಲ. ಚಿತ್ರ ಅನ್ನುವುದೇ ಭಾಷೆ ಬೇಡ ಅಂತ ಮಾಡಿದ್ದು, ಅದಕ್ಕೂ ಕನ್ನಡ ಬೇಕು ಅನ್ನುವುದು ಅಭಿಮಾನದ ಅತಿರೇಕ ಅಂದರು. ಮಾತಿನಲ್ಲಿ ಹುರುಳಿದೆ. ಒಮಾನಿನ ರಸ್ತೆಗಳಲ್ಲಿ ವಾದಿ ಅಡ್ಡ ಬರುವ ಕಡೆ ಕೆಂಪು-ಬಿಳಿ ಕಂಬ ನೆಟ್ಟಿರುತ್ತಾರೆ, ನೀರು ಎಷ್ಟು ಏರಿದೆ ಅಂತ ನೋಡಲು. ಅದಕ್ಕೆ ಯಾವ ಭಾಷೆಯೂ ಬೇಡ. ಆದರೆ ನೀರು ಕಣ್ಣಿಗೆ ಕಾಣುತ್ತದೆ. ಮುಚ್ಚಿದ ಕ್ಯಾನಿನೊಳಗೆ ಇರುವುದು ಕಾಣುವುದಿಲ್ಲ. ಚಿತ್ರ 'ಇದು ಏನು' ಅನ್ನುವುದರ ಅರ್ಧವನ್ನು ಹೇಳುತ್ತದೆ. ಯಾವುದರ ಜೊತೆ ಇಡಬಾರದು, ಚೆಲ್ಲಿದರೆ ಎತ್ತ ಓಡಬೇಕು, ನೀರು ಹಾಕಬಹುದೋ ಬಾರದೋ ಅನ್ನುವುದನ್ನು ಯಾರಾದರೂ ಬಾಯಿಬಿಟ್ಟು ಹೇಳಿಕೊಡಲೇಬೇಕು.

ಇದು ನಮ್ಮ ಕಲ್ಪನೆಯೂ ಅಲ್ಲ. 1957ರಲ್ಲಿ ಜಿನೀವಾದಲ್ಲಿ ಆದ ಎಡಿಆರ್ ಎಂಬ ಯುರೋಪಿನ ಒಪ್ಪಂದ ರಸ್ತೆಯ ಮೇಲೆ ಅಪಾಯಕಾರಿ ಸರಕು ಸಾಗಿಸುವುದಕ್ಕೆಂದೇ ಇದೆ. ಅದರಲ್ಲಿ ಒಂದು ನಿಯಮ: ಅಪಘಾತವಾದರೆ ಏನು ಮಾಡಬೇಕೆಂಬ ಲಿಖಿತ ಸೂಚನೆಯನ್ನು ಹೊರಡುವ ಮುಂಚೆ ಗಾಡಿಯ ಸಿಬ್ಬಂದಿಗೆ ಕೊಡಬೇಕು, ಅದು ಅವರಲ್ಲಿ ಪ್ರತಿಯೊಬ್ಬರೂ ಓದಿ ಅರ್ಥಮಾಡಿಕೊಳ್ಳಬಲ್ಲ ಭಾಷೆಯಲ್ಲಿ ಇರಬೇಕು. ದೇಶದ ಭಾಷೆಯಲ್ಲಿ ಅಂತಲ್ಲ, ಕಂಪನಿಯ ಭಾಷೆಯಲ್ಲಿ ಅಂತಲ್ಲ. ಓಡಿಸುವವನ ಭಾಷೆಯಲ್ಲಿ. ಭಾಷಾಭಿಮಾನಿಗಳ ಬೇಡಿಕೆಯಲ್ಲ ಇದು, ಸಾರಿಗೆ ತಜ್ಞರು ಬರೆದದ್ದು.

ನಮ್ಮ ದೇಶದ ನಿಯಮ ಏನನ್ನುತ್ತದೆ? 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 9ನೆಯದು, ಅಪಾಯಕಾರಿ ಸರಕಿನ ಚಾಲಕನಿಗೆ ಸಂವಿಧಾನದ ಎಂಟನೇ ಅನುಸೂಚಿಯ ಒಂದು ಭಾಷೆಯ ಜೊತೆಗೆ ಇಂಗ್ಲಿಷನ್ನೂ ಓದಲು ಬರೆಯಲು ಬರಬೇಕು, ಮೂರು ದಿನದ ತರಬೇತಿ ಆಗಿರಬೇಕು ಎನ್ನುತ್ತದೆ. ಅಂದರೆ ಭಾಷೆಯ ಹೊರೆ ಚಾಲಕನ ತಲೆ ಮೇಲೆ. 134ನೆಯ ನಿಯಮ ಗಾಡಿಯ ಮೇಲಿನ ತುರ್ತು ಮಾಹಿತಿ ಫಲಕದ್ದು. ವಸ್ತುವಿನ ತಾಂತ್ರಿಕ ಹೆಸರು 50 ಮಿಲಿಮೀಟರಿಗೆ ಕಡಿಮೆಯಿಲ್ಲದ ಅಕ್ಷರದಲ್ಲಿ, ವರ್ಗದ ಸಂಖ್ಯೆ 100 ಮಿಲಿಮೀಟರಿಗೆ ಕಡಿಮೆಯಿಲ್ಲದ ಅಂಕಿಯಲ್ಲಿ, ಚಿತ್ರ 250 ಮಿಲಿಮೀಟರ್ ಚೌಕಕ್ಕೆ ಕಡಿಮೆಯಿಲ್ಲದಂತೆ, ಜೊತೆಗೆ ಫೋನ್ ನಂಬರುಗಳು. ಅಳತೆಯೆಲ್ಲ ಕರಾರುವಾಕ್ಕು. ಮಳೆಗಾಲದಲ್ಲಿ ಶಿರಾಡಿ ಘಾಟಿ ಹತ್ತುವ ಟ್ಯಾಂಕರಿನ ಹಿಂದೆ ಒಮ್ಮೆ ಹೋಗಿ ನೋಡಿ. ಫಲಕದ ಮೇಲೆ ಕೆಸರು, ಫೋನ್ ನಂಬರಿನ ಕೊನೆಯ ಎರಡಂಕಿ ಮಾಸಿರುತ್ತದೆ. ದೊಡ್ಡದಾಗಿ ಓದಲು ಸಿಗುವುದು 'ಹೈಲಿ ಇನ್‌ಫ್ಲೇಮೆಬಲ್' ಮಾತ್ರ. ಆ 'ಇನ್' ನೋಡಿ 'ಬೆಂಕಿ ಹತ್ತುವುದಿಲ್ಲ' ಎಂದು ಅರ್ಥ ಮಾಡಿಕೊಂಡ ಇಂಜಿನಿಯರಿಂಗ್ ಪದವೀಧರರನ್ನೇ ನಾವು ಕಂಡಿದ್ದೇವೆ. ಅದಕ್ಕೇ ಈಗಿನ ಅಂತರರಾಷ್ಟ್ರೀಯ ಗುರುತುಗಳಲ್ಲಿ 'ಫ್ಲೇಮೆಬಲ್' ಅಂತಷ್ಟೇ ಇರುವುದು.

ಈ ರಸ್ತೆಯ ಹೆಸರು ಸುಮ್ಮನೆ ತೆಗೆದದ್ದಲ್ಲ. ಮಂಗಳೂರು ನಮ್ಮ ರಾಜ್ಯದ ಸೋಹಾರ್ ಇದ್ದ ಹಾಗೆ. ಹಡಗಿನಲ್ಲಿ ಬಂದ ಅನಿಲ ಅಲ್ಲಿಂದ ಘಾಟಿ ಹತ್ತಿ ಬೆಂಗಳೂರಿನ ಕಡೆಗೂ, ಕಾಸರಗೋಡು ದಾಟಿ ಕೇರಳಕ್ಕೂ ಟ್ಯಾಂಕರಿನಲ್ಲಿ ಹೋಗುತ್ತದೆ. 2012ರ ಆಗಸ್ಟ್ 27ರ ರಾತ್ರಿ ಮಂಗಳೂರಿನಿಂದ ಕೋಝಿಕ್ಕೋಡ್ ಕಡೆ ಹೊರಟಿದ್ದ ಅನಿಲ ಟ್ಯಾಂಕರು ಕಣ್ಣೂರಿನ ಚಾಲದಲ್ಲಿ ಮಗುಚಿತು. ಸೋರಿದ ಅನಿಲ ಹರಡಿ ಹೊತ್ತಿಕೊಂಡು ಸುಮಾರು 20 ಜನ ತೀರಿಕೊಂಡರು. ಅವರಲ್ಲಿ ಹೆಚ್ಚಿನವರು ರಸ್ತೆಯ ಪಕ್ಕದ ಮನೆಗಳವರು. ಅದೇ ವರ್ಷ ನವೆಂಬರ್ 1ರಂದು, ನಾವು ಇಲ್ಲಿ ರಾಜ್ಯೋತ್ಸವದಲ್ಲಿದ್ದಾಗ, ಸೌದಿಯ ರಿಯಾದ್‌ನಲ್ಲಿ ಅನಿಲ ಟ್ಯಾಂಕರೊಂದು ಮೇಲ್ಸೇತುವೆಗೆ ಡಿಕ್ಕಿ ಹೊಡೆದು ಸ್ಫೋಟಿಸಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. 2013ರ ಏಪ್ರಿಲ್ 9ರಂದು ನಮ್ಮ ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಅದೇ ಕಥೆ. ಟ್ಯಾಂಕರು ಉರುಳಿತು, ಅನಿಲ ಹರಡಿತು, ಮನೆಗಳು ಸುಟ್ಟವು, ಮನೆಯವರು ಸತ್ತರು.

ಅಡುಗೆ ಅನಿಲ ಗಾಳಿಗಿಂತ ಭಾರ. ಮೇಲೆ ಹೋಗುವುದಿಲ್ಲ, ನೀರಿನ ಹಾಗೆ ತಗ್ಗಿಗೆ ಹರಿಯುತ್ತದೆ. ಚರಂಡಿ, ಗದ್ದೆ, ತೋಟ, ರಸ್ತೆಗಿಂತ ಕೆಳಗಿರುವ ಮನೆಯಂಗಳ. ಕರಾವಳಿಯಲ್ಲಿ ಹೆದ್ದಾರಿ ಎತ್ತರದಲ್ಲಿ, ಮನೆ ತಗ್ಗಿನಲ್ಲಿ ಇರುವುದೇ ಹೆಚ್ಚು. ಅಮೆರಿಕ, ಕೆನಡಾದವರು ಸೇರಿ ಮಾಡಿದ ತುರ್ತು ಕೈಪಿಡಿಯೊಂದು ಫೋನಿನಲ್ಲಿ ಉಚಿತವಾಗಿ ಸಿಗುತ್ತದೆ. ಅದರಲ್ಲಿ 1075 ಒತ್ತಿದರೆ ಹೇಳುತ್ತದೆ: ಟ್ಯಾಂಕರಿಗೆ ಬೆಂಕಿ ಹತ್ತಿದ್ದರೆ ಸುತ್ತ 1600 ಮೀಟರ್ ಖಾಲಿ ಮಾಡಿಸಿ. 1203ಕ್ಕೆ, ಅಂದರೆ ಪೆಟ್ರೋಲಿಗೆ, 800 ಮೀಟರ್. ನಮ್ಮಲ್ಲಿ ಟ್ಯಾಂಕರು ಬಿದ್ದರೆ ಜನ ಹದಿನಾರು ನೂರು ಮೀಟರಿನಿಂದ ಒಳಗೆ ಬರುತ್ತಾರೆ, ಫೋನಿನ ಕ್ಯಾಮೆರಾ ಹಿಡಿದುಕೊಂಡು. ಅವರನ್ನು ಬೈಯುವುದು ಸುಲಭ. ದೂರ ಇರಿ ಅಂತ ಅವರಿಗೆ ಯಾರು, ಯಾವಾಗ, ಯಾವ ಭಾಷೆಯಲ್ಲಿ ಹೇಳಿದ್ದರು?

ನಮ್ಮ ಕಾನೂನು ಕಳಿಸುವವನಿಗೆ, ಸಾಗಿಸುವವನಿಗೆ, ಓಡಿಸುವವನಿಗೆ ಜವಾಬ್ದಾರಿ ಹಂಚಿದೆ. ರಸ್ತೆ ಪಕ್ಕದ ಮನೆಯವರಿಗೆ ಏನೂ ಹೇಳಿಲ್ಲ. ಅವರಿಗೆ ತಿಳಿಸುವ ಕೆಲಸ ಯಾರದು ಅಂದರೆ, ಇಂಜಿನಿಯರಿಂಗ್ ಓದಿ ಕನ್ನಡ ಸಂಘದಲ್ಲಿ ಕೂತಿರುವ ನಮ್ಮಂಥವರದೇ ಅನಿಸುತ್ತದೆ. ಸಂಘ ಪ್ರತಿ ವರ್ಷ ಮಾಡುವ ಗ್ರಾಮ ಶಿಬಿರ ಹೆದ್ದಾರಿಯ ಪಕ್ಕದ ಒಂದು ಊರಿನಲ್ಲಾಗಲಿ. ಗೋಡೆ ಬರಹಕ್ಕೆ ಗಾದೆಗಳ ಬದಲು 1075 ಬರೆಯೋಣ, ಕೆಳಗೆ 'ಒಲೆ ಹಚ್ಚಬೇಡಿ, ಸ್ವಿಚ್ಚು ಮುಟ್ಟಬೇಡಿ, ಗಾಳಿಗೆ ಎದುರಾಗಿ, ಎತ್ತರಕ್ಕೆ ಹೋಗಿ, 112ಕ್ಕೆ ಹೇಳಿ' ಅಂತ. ಮಸ್ಕತ್ತಿನಂಥ ಕಡೆ ರಾಜ್ಯೋತ್ಸವಕ್ಕೆ ಊರಿನಿಂದ ಕಲಾವಿದರನ್ನು ವಿಮಾನದಲ್ಲಿ ಕರೆಸುವ ಶಕ್ತಿ ನಮ್ಮವರಿಗಿದೆ. ಅದೇ ವೇದಿಕೆಯಲ್ಲಿ ಅರ್ಧ ಗಂಟೆ ಗೋದಾಮಿನ ಹುಡುಗರಿಗೆ ಇಂಥದ್ದನ್ನು ಹೇಳಿಕೊಡುವುದು ಭಾರವಲ್ಲ. ಗಲ್ಫಿಗೆ ಕೂಲಿಗೆ ಹೊರಡುವವರಿಗೆ ಕೇಂದ್ರ ಸರ್ಕಾರ 2018ರಿಂದ ಪ್ರಯಾಣಕ್ಕೆ ಮುಂಚಿನ ತರಬೇತಿ ಕೊಡುತ್ತಿದೆ. ಒಂಬತ್ತು ಚಿತ್ರ, ಹತ್ತಿಪ್ಪತ್ತು ಸಂಖ್ಯೆ ಅದರೊಳಗೆ ಸೇರಲಿ, ಕನ್ನಡದವರಿಗೆ ಕನ್ನಡದಲ್ಲೇ ಸೇರಲಿ. ಅರಬ್ಬಿ ಪದಗಳೂ ನಾಲ್ಕು ಇರಲಿ. ಡ್ರಮ್ಮಿನ ಮೇಲೆ 'ಖತರ್' ಅಂತ ಇದ್ದರೆ ಅಪಾಯ ಎಂದರ್ಥ. ನಮ್ಮ 'ಖತರ್ನಾಕ್' ಹುಟ್ಟಿದ್ದು ಅದರಿಂದಲೇ, ಒಮ್ಮೆ ಹೇಳಿದರೆ ಯಾರೂ ಮರೆಯುವುದಿಲ್ಲ.

ಮನೆಯಲ್ಲಿ ಈಗಲೇ ಮಾಡಬಹುದಾದದ್ದೂ ಒಂದಿದೆ. ಸೋಹಾರ್‌ನ ಪಿಕಪ್ಪಿನಲ್ಲಿ ಆದದ್ದು ನಮ್ಮ ಬಚ್ಚಲಿನಲ್ಲೂ ಆಗಬಹುದು. ಶೌಚಾಲಯ ತೊಳೆಯುವ ದ್ರವಗಳಲ್ಲಿ ಹಲವದರಲ್ಲಿ ಇರುವುದು ಅದೇ ಹೈಡ್ರೋಕ್ಲೋರಿಕ್ ಆಮ್ಲ. ಬ್ಲೀಚಿಂಗ್ ಪೌಡರು ಹೈಪೋಕ್ಲೋರೈಟಿನ ಅಣ್ಣತಮ್ಮ. ಹೆಚ್ಚು ಬೆಳ್ಳಗಾಗಲಿ ಅಂತ ಎರಡನ್ನೂ ಒಟ್ಟಿಗೆ ಸುರಿಯುವ ಅಮ್ಮಂದಿರಿಗೆ, ಹಾಸ್ಟೆಲಿನ ಕೆಲಸದವರಿಗೆ ಇವತ್ತೇ ಹೇಳಿಬಿಡಿ.

ಸಿಂಧನೂರಿನ ಹುಡುಗ ಈಗ ಊರಿನಲ್ಲಿದ್ದಾನೆ, ಗೊಬ್ಬರದ ಅಂಗಡಿಯೊಂದರಲ್ಲಿ ಕೆಲಸ. ಹಿಡಿದ ಮೂರು ದಿನದ ಸಂಬಳವನ್ನು ನಾವು ಕಳಿಸಿದೆವು, ಅವನು ವಾಪಸು ಕಳಿಸಿದ. ಆದರೆ ಚಾರ್ಟಿನ ಎರಡನೇ ಆವೃತ್ತಿಗೆ ನಮ್ಮ ಜೊತೆ ಕೂತ, ಫೋನಿನಲ್ಲೇ. ಈ ಸಲ ಪ್ರತಿ ಚಿತ್ರದ ಕೆಳಗೆ ಸಂಖ್ಯೆಗಳಿವೆ, ಸಂಖ್ಯೆಯ ಪಕ್ಕ 'ಇದರ ಜೊತೆ ಇಡಬೇಡಿ' ಅಂತ ಒಂದು ಸಾಲಿದೆ. ಆ ಸಾಲನ್ನು ಮೊದಲು ಬರೆಯಬೇಕು, ಚಿತ್ರ ಆಮೇಲೆ ಅಂತ ಹಟ ಹಿಡಿದವನು ಅವನೇ. ಸಂಘದ ಕೋಣೆಯ ಫಲಕದ ಮೇಲೆ ಅದನ್ನು ಹಾಕಿದ್ದೇವೆ. ಮೂರು ಜಾಗ ಇನ್ನೂ ಖಾಲಿ ಇವೆ. ಉಸಿರು ಕಟ್ಟಿಸುವ ಅನಿಲಕ್ಕೆ, ನೀರು ತಾಗಿದರೆ ಹೊತ್ತಿಕೊಳ್ಳುವುದಕ್ಕೆ, ತಾನಾಗಿಯೇ ಕಾವೇರಿ ಉರಿಯುವುದಕ್ಕೆ ನಿಮ್ಮ ಊರಿನಲ್ಲಿ ಏನನ್ನುತ್ತಾರೆ? ಪೆನ್ಸಿಲು ಅಲ್ಲೇ ದಾರಕ್ಕೆ ಕಟ್ಟಿದೆ.